ಜಾಲಿ ಮುಳ್ಳಿನ ಪಾಠ: ಹೋಶಂಗಾಬಾದಿನ ಮೂವತ್ತು ವರ್ಷ

ಹೂವನ್ನು ಬಿಡಿಸಿ ಒಳಗೆ ಏನಿದೆ ಎಂದು ನೋಡಬೇಕಾದರೆ ಒಂದು ಸೂಜಿ ಬೇಕು. ಪ್ರಯೋಗಶಾಲೆಯ ಸೂಜಿಗೆ ದುಡ್ಡು ಬೇಕು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಆ ದುಡ್ಡು ಇರಲಿಲ್ಲ. ಆದರೆ ಊರಲ್ಲಿ ಜಾಲಿ ಮರಗಳಿದ್ದವು. ಮಕ್ಕಳು ಜಾಲಿ ಮುಳ್ಳು ಕಿತ್ತು ತಂದು ಅದರಿಂದಲೇ ಹೂವು ಬಿಡಿಸಿದರು.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಈ ಮುಳ್ಳಿನ ಸುದ್ದಿ ಮೊದಲು ಕೇಳಿದಾಗ "ಖರ್ಚು ಉಳಿಸೋಕೆ ಒಳ್ಳೇ ಉಪಾಯ" ಎಂದಷ್ಟೇ ಅಂದುಕೊಂಡಿದ್ದೆ. ಅದರ ಹಿಂದೆ ದೊಡ್ಡ ಪ್ರಶ್ನೆಯೊಂದು ಇದೆ ಎಂದು ತಿಳಿಯಲು ನನಗೆ ಸುಮಾರು ವರ್ಷ ಹಿಡಿಯಿತು. ಓದು ಯಾಕೆ ಎಂದು ನಮ್ಮಲ್ಲಿ ಯಾರನ್ನೇ ಕೇಳಿ, "ಓದಿದರೆ ಕೆಲಸ ಸಿಗುತ್ತೆ" ಅನ್ನುತ್ತಾರೆ. ಸರಿ. ಆದರೆ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಮಗುವಿಗೆ? ಓದಿನಿಂದ ಸಿಗುವ ಕೆಲಸ ಅವಳಿಗೆ ಸಿಗುವುದೇ ಇಲ್ಲ. ಹಾಗಾದರೆ ಆ ಎಂಟು ವರ್ಷ ಅವಳಿಗೆ ನಾವು ಕೊಟ್ಟಿದ್ದೇನು?

ಹೋಶಂಗಾಬಾದಿನಲ್ಲಿ ಕೆಲವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. 1972ರಿಂದ 2002ರವರೆಗೆ ಮೂವತ್ತು ವರ್ಷ ಅದಕ್ಕೆ ಉತ್ತರ ಹುಡುಕಿದರು, ಅದೂ ಸರ್ಕಾರಿ ಶಾಲೆಗಳ ಒಳಗೇ. ಆಮೇಲೆ ಸರ್ಕಾರ ಆ ವಿಜ್ಞಾನ ಕಲಿಕೆಯ ಕಾರ್ಯಕ್ರಮವನ್ನು ನಿಲ್ಲಿಸಿತು. ಶುರುವಾದದ್ದು ಮತ್ತು ನಿಂತದ್ದು, ಎರಡನ್ನೂ ಹೇಳಬೇಕು.

ಹದಿನಾರು ಶಾಲೆಗಳು

ಹೋಶಂಗಾಬಾದ್ ನರ್ಮದಾ ನದಿಯ ದಡದ ಊರು. ಈಗ ಅದರ ಹೆಸರು ನರ್ಮದಾಪುರಂ. ಎಪ್ಪತ್ತರ ದಶಕದ ಶುರುವಿನಲ್ಲಿ ಅಲ್ಲಿ ಎರಡು ಸಂಸ್ಥೆಗಳು ಕೆಲಸ ಮಾಡುತ್ತಿದ್ದವು. ಒಂದು, ಊರಿನ ಪಕ್ಕದ ರಸೂಲಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಕಟ್ಟಿದ್ದ ಫ್ರೆಂಡ್ಸ್ ರೂರಲ್ ಸೆಂಟರ್. ಇನ್ನೊಂದು, ಬನ್‌ಖೇಡಿ ಕಡೆಯ ಹಳ್ಳಿಯೊಂದರಲ್ಲಿದ್ದ ಕಿಶೋರ್ ಭಾರತಿ. ಕಿಶೋರ್ ಭಾರತಿ ಕಟ್ಟಿದವರು ಅನಿಲ್ ಸದ್ಗೋಪಾಲ್. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪಿಎಚ್‌ಡಿ ಮಾಡಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದವರು. ಆ ಕೆಲಸ ಬಿಟ್ಟು ಹಳ್ಳಿಗೆ ಬಂದರು.

ಈ ಎರಡೂ ಸಂಸ್ಥೆಗಳು ಸೇರಿ ರಾಜ್ಯ ಸರ್ಕಾರದಿಂದ ಒಂದು ಒಪ್ಪಿಗೆ ಪಡೆದವು. ಹದಿನಾರು ಸರ್ಕಾರಿ ಮಿಡ್ಲ್ ಸ್ಕೂಲುಗಳಲ್ಲಿ, 6ರಿಂದ 8ನೇ ತರಗತಿಯವರೆಗೆ, ವಿಜ್ಞಾನವನ್ನು ತಮ್ಮ ರೀತಿಯಲ್ಲಿ ಕಲಿಸುತ್ತೇವೆ ಎಂದರು. ಹೊಸ ಶಾಲೆ ಕಟ್ಟಲಿಲ್ಲ. ಮಕ್ಕಳನ್ನು ಆರಿಸಿಕೊಳ್ಳಲಿಲ್ಲ. ಅದೇ ಸರ್ಕಾರಿ ಮೇಷ್ಟ್ರುಗಳು, ಅದೇ ಸೋರುವ ಕೋಣೆಗಳು. ಬೆಟ್ಟದ ಮೇಲೆ ಒಳ್ಳೆಯ ಶಾಲೆ ಕಟ್ಟಿ ಐವತ್ತು ಮಕ್ಕಳಿಗೆ ಚೆನ್ನಾಗಿ ಕಲಿಸುವುದು ಕಷ್ಟವೇ. ಆದರೆ ಇದು ಅದಕ್ಕಿಂತ ಜಾಸ್ತಿ ಕಷ್ಟದ ಕೆಲಸ.

ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು, ಟಾಟಾ ಸಂಸ್ಥೆಯ ವಿಜ್ಞಾನಿಗಳು ಬಂದು ಸೇರಿಕೊಂಡರು. ಬೇಸಿಗೆ ರಜೆಯಲ್ಲಿ ಮೇಷ್ಟ್ರುಗಳಿಗೆ ತರಬೇತಿ. ಅಲ್ಲಿ ಭಾಷಣ ಇರಲಿಲ್ಲ. ಮಕ್ಕಳು ಮಾಡಬೇಕಾದ ಪ್ರಯೋಗವನ್ನು ಮೊದಲು ಮೇಷ್ಟ್ರುಗಳೇ ಮಾಡಬೇಕು, ತಪ್ಪಬೇಕು, ವಾದ ಮಾಡಬೇಕು. ಶಾಲೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಸುತ್ತಲಿನ ಮೇಷ್ಟ್ರುಗಳು ಒಂದು ಕಡೆ ಸೇರುತ್ತಿದ್ದರು. ಯಾವ ಪಾಠ ನಡೆಯಿತು, ಯಾವುದು ಕೈ ಕೊಟ್ಟಿತು, ಎಲ್ಲ ಅಲ್ಲಿ ಬಿಚ್ಚಿಡುತ್ತಿದ್ದರು. ಅವರು ಹೇಳಿದ್ದನ್ನು ನೋಡಿ ಪುಸ್ತಕವನ್ನು ತಿದ್ದುತ್ತಿದ್ದರು.

ಇದನ್ನು ಓದುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಬಹಳ ತರಬೇತಿ ಕಂಡಿದ್ದೇನೆ. "ಮೇಷ್ಟ್ರೇ, ಈ ಪಾಠ ನಿಮ್ಮ ಕ್ಲಾಸಿನಲ್ಲಿ ನಿಜವಾಗಿ ಹೇಗೆ ನಡೆಯಿತು?" ಎಂದು ಯಾರೂ ಒಮ್ಮೆಯೂ ಕೇಳಲಿಲ್ಲ.

1978ರಲ್ಲಿ ಇದು ಇಡೀ ಜಿಲ್ಲೆಯ ಮಿಡ್ಲ್ ಸ್ಕೂಲುಗಳಿಗೆ ಹಬ್ಬಿತು. 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಹುಟ್ಟಿ ಕೆಲಸವನ್ನು ವಹಿಸಿಕೊಂಡಿತು. ಆಮೇಲೆ ಬೇರೆ ಜಿಲ್ಲೆಗಳಿಗೂ ಹೋಯಿತು. ನಿಲ್ಲುವ ಹೊತ್ತಿಗೆ ಸುಮಾರು 1000 ಶಾಲೆಗಳು, ಸುಮಾರು ಒಂದು ಲಕ್ಷ ಮಕ್ಕಳು.

ಉತ್ತರ ಇಲ್ಲದ ಪುಸ್ತಕ

ಪುಸ್ತಕದ ಹೆಸರು 'ಬಾಲ ವೈಜ್ಞಾನಿಕ', ಅಂದರೆ ಪುಟ್ಟ ವಿಜ್ಞಾನಿ. ಅದರಲ್ಲಿ ವ್ಯಾಖ್ಯೆಗಳನ್ನು ಕಲಿಯಿರಿ ಎಂದು ಕೊಟ್ಟಿರಲಿಲ್ಲ. ಇದನ್ನು ಮಾಡಿ, ಹೀಗೆ ನೋಡಿ, ಏನು ಕಂಡಿತೋ ಬರೆಯಿರಿ ಎಂದಿರುತ್ತಿತ್ತು. ಉತ್ತರ ಮಗುವಿನ ನೋಟ್‌ಬುಕ್ಕಿನಲ್ಲಿ ಹುಟ್ಟಬೇಕು. ನಾಲ್ಕು ನಾಲ್ಕು ಮಕ್ಕಳ ಗುಂಪು. ಅವರ ಮುಂದೆ ಅಗ್ಗದ ಸಾಮಾನುಗಳ ಕಿಟ್ಟು. ಮುಳ್ಳು ಬಂದದ್ದು ಹೀಗೆ.

ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರ್ ಅರವಿಂದ್ ಗುಪ್ತಾ 1978ರಲ್ಲಿ ಕೆಲಸಕ್ಕೆ ರಜೆ ಹಾಕಿ ಇಲ್ಲಿಗೆ ಬಂದರು. ಸೈಕಲ್ಲಿನ ವಾಲ್ವ್ ಟ್ಯೂಬು ತುಂಡು ಮಾಡಿ, ಬೆಂಕಿಕಡ್ಡಿಗಳನ್ನು ಅದಕ್ಕೆ ಸಿಕ್ಕಿಸಿ ತ್ರಿಕೋನ, ಚೌಕ, ಗೋಪುರ ಮಾಡುವ ಅವರ ಆಟ ಶುರುವಾದದ್ದು ಇಲ್ಲೇ. ಇವತ್ತು ನಮ್ಮ ಕರ್ನಾಟಕದ ಮಕ್ಕಳ ವಿಜ್ಞಾನ ಮೇಳಗಳಲ್ಲೂ ಅದನ್ನು ನೋಡಬಹುದು.

ಒಂದು ಪಾಠವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದನ್ನು ನಾನೂ ನನ್ನ ಕ್ಲಾಸಿನಲ್ಲಿ ಮಾಡಿದ್ದೇನೆ. ಎಲೆ ಮತ್ತು ಬೇರಿನ ಪಾಠ. ಮಕ್ಕಳು ಗಿಡಗಳನ್ನು ಬೇರು ಸಮೇತ ಕಿತ್ತು ತರಬೇಕು. ಮೊದಲು ಎಲೆಯ ನರಗಳನ್ನು ನೋಡಿ ಗುಂಪು ಮಾಡಬೇಕು. ಉದ್ದಕ್ಕೆ ಒಂದರ ಪಕ್ಕ ಒಂದು ಸಾಗಿದ ನರಗಳು ಒಂದು ಕಡೆ, ಬಲೆಯ ಹಾಗೆ ಹೆಣೆದವು ಇನ್ನೊಂದು ಕಡೆ. ಆಮೇಲೆ ಬೇರು ನೋಡಿ ಗುಂಪು. ನಡುವೆ ಒಂದು ದಪ್ಪ ತಾಯಿಬೇರು ಇರುವವು ಒಂದು ಕಡೆ, ಜುಟ್ಟಿನ ಹಾಗೆ ತಂತುಬೇರು ಇರುವವು ಇನ್ನೊಂದು ಕಡೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡಿ ಅಂದರೆ ಸಾಕು. ಕ್ಲಾಸಿನಲ್ಲಿ ಒಂದು ನಿಮಿಷ ಸದ್ದೇ ಇರುವುದಿಲ್ಲ. ಆಮೇಲೆ ಯಾರೋ ಒಬ್ಬರು ಕೂಗುತ್ತಾರೆ.

ರಾಗಿ, ಜೋಳ, ಗರಿಕೆ, ಈರುಳ್ಳಿ: ಉದ್ದ ನರ, ತಂತುಬೇರು. ತೊಗರಿ, ಅವರೆ, ತುಂಬೆ: ಬಲೆ ನರ, ತಾಯಿಬೇರು. ಎಲೆ ನೋಡಿ ಮಣ್ಣಿನೊಳಗಿನ ಬೇರನ್ನು ಹೇಳಬಹುದು! ಇದನ್ನು ನಾನು ಹೇಳಿಕೊಟ್ಟರೆ ಒಂದು ಸಾಲು. ಅವರೇ ಕಂಡುಹಿಡಿದರೆ ಅದು ಅವರದೇ ಆಸ್ತಿ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಒಂದು ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಹಿತ್ತಿಲಿನ ಕೆಸುವಿನ ಗಿಡ ತಂದಳು. ಕೆಸುವಿನ ಎಲೆಯ ನರ ಬಲೆಯ ಹಾಗೆಯೇ ಕಾಣುತ್ತದೆ. ಗಡ್ಡೆಯ ಸುತ್ತ ಇರುವುದು ಮಾತ್ರ ತಂತುಬೇರು. "ಸಾರ್, ಇದು ಯಾವ ಕಡೆ?" ಎಂದಳು. ಆ ಹೊತ್ತಿಗೆ ನನಗೆ ಉತ್ತರ ಗೊತ್ತಿರಲಿಲ್ಲ. "ನಾನೂ ನೋಡಬೇಕು ಕಣಮ್ಮಾ" ಎಂದೆ. ಅವಳು ಪಟ್ಟಿಯಲ್ಲಿ ಮೂರನೇ ಸಾಲು ಎಳೆದು ಅದರಲ್ಲಿ ಕೆಸು ಎಂದು ಬರೆದಳು. ಮರುದಿನ ಇಡೀ ಕ್ಲಾಸು ಮೂರನೇ ಸಾಲಿಗೆ ಸೇರುವ ಗಿಡ ಹುಡುಕಲು ಹೊರಟಿತು. ಕೆಸು ರಾಗಿಯ ಹಾಗೆ ಏಕದಳ ಗಿಡವೇ, ಅಂದರೆ ಬೀಜದಲ್ಲಿ ಒಂದೇ ದಳ ಇರುವ ಗುಂಪಿನದು, ಆದರೆ ಎಲೆಯ ವಿಷಯದಲ್ಲಿ ಗುಂಪಿಗೆ ಹೊರಗಿನದು ಎಂದು ನಾನು ಓದಿ ತಿಳಿದದ್ದು ಆಮೇಲೆ.

ಓದಿನ ನಿಜವಾದ ಗುರಿ ಏನು ಎಂದು ಯಾರಾದರೂ ಕೇಳಿದರೆ ನನಗೆ ಆ ಮೂರನೇ ಸಾಲು ನೆನಪಾಗುತ್ತದೆ. ಪುಸ್ತಕ ಎರಡೇ ಗುಂಪು ಅನ್ನುತ್ತದೆ, ಮೇಷ್ಟ್ರು ಎರಡೇ ಗುಂಪು ಅನ್ನುತ್ತಾರೆ. ಕೈಯಲ್ಲಿರುವ ಗಿಡ ಬೇರೆ ಹೇಳುತ್ತಿದೆ. ಹನ್ನೆರಡು ವರ್ಷದ ಮಗು ಗಿಡದ ಮಾತನ್ನು ನಂಬಿತು. ತಾನು ಕಂಡದ್ದಕ್ಕೂ ಬೆಲೆ ಇದೆ ಎಂದು ಅವಳಿಗೆ ಅನ್ನಿಸಿತು. ಹಳ್ಳಿಯ ಬಡವರ ಮನೆಯ ಹೆಣ್ಣು ಮಗುವಿಗೆ ಹಾಗೆ ಅನ್ನಿಸುವುದು ಸಣ್ಣ ಮಾತಲ್ಲ.

ಹೀಗೆ ಪ್ರಶ್ನೆ ಕೇಳುವುದಕ್ಕೆ ಹೋಶಂಗಾಬಾದಿನವರು ಒಂದು ಹೆಸರೂ ಕೊಟ್ಟಿದ್ದರು: ಸವಾಲೀರಾಮ್. ಹಾಗೆಂಬ ಮನುಷ್ಯ ಇಲ್ಲ, ಅದು ಕಲ್ಪನೆಯ ಪಾತ್ರ. ಮಕ್ಕಳು ಯಾವ ಪ್ರಶ್ನೆ ಬೇಕಾದರೂ ಸವಾಲೀರಾಮನಿಗೆ ಕಾಗದ ಬರೆಯಬಹುದು, ಉತ್ತರ ಬರುತ್ತದೆ. ಹಿಂದಿಯಲ್ಲಿ ಸವಾಲ್ ಅಂದರೆ ಪ್ರಶ್ನೆ. ನಮ್ಮ ಕನ್ನಡದಲ್ಲಿ ಸವಾಲು ಅಂದರೆ ಎದುರಿಗಿದ್ದವರಿಗೆ ಹಾಕುವ ಪಂಥ. ಒಂದೇ ಪದ, ಎರಡು ಊರಿನಲ್ಲಿ ಎರಡು ಅರ್ಥ. ಮಗು ಕೇಳುವ ಒಳ್ಳೆಯ ಪ್ರಶ್ನೆಯಲ್ಲಿ ಎರಡೂ ಇರುತ್ತವೆ ಎಂದು ನನಗೆ ಅನ್ನಿಸುತ್ತದೆ.

ಪರೀಕ್ಷೆಯನ್ನೂ ಅವರು ಬದಲಾಯಿಸಿದರು. ಪುಸ್ತಕ ಮತ್ತು ತಾವೇ ಬರೆದ ನೋಟ್‌ಬುಕ್ಕು ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ. ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಪುಸ್ತಕ ತೆರೆದಿದ್ದರೆ ಸುಲಭ ಅಲ್ವಾ ಎಂದು ಅನ್ನಿಸಬಹುದು. ಕಾಣದ ಗಿಡದ ಎಲೆಯ ಚಿತ್ರ ಕೊಟ್ಟು, ಇದರ ಬೇರು ಹೇಗಿರಬಹುದು, ಹಾಗೆ ಯಾಕೆ ಅನ್ನಿಸುತ್ತದೆ ಎಂದು ಕೇಳಿದರೆ ಯಾವ ಪುಟ ತೆಗೆದು ನೋಡುತ್ತೀರಿ? ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ಯೋಚನೆ ಮಾಡಲೇಬೇಕು. ಆ ಪರೀಕ್ಷೆಯಲ್ಲಿ ಮಗು ಹೆದರಬೇಕಾದ್ದು ಕಮ್ಮಿ, ಮಾಡಬೇಕಾದ್ದು ಜಾಸ್ತಿ.

"ಇದು ಪರೀಕ್ಷೆಗೆ ಬರುತ್ತಾ?"

ಇಷ್ಟು ಚೆನ್ನಾಗಿದ್ದದ್ದು ಯಾಕೆ ನಿಂತಿತು?

2002ರಲ್ಲಿ ಜಿಲ್ಲಾ ಯೋಜನಾ ಸಮಿತಿ ಇದನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ಆಗ ದಿಗ್ವಿಜಯ್ ಸಿಂಗ್ ಮುಖ್ಯಮಂತ್ರಿ. ಅವರ ಸರ್ಕಾರ ಆ ವರ್ಷ ಜುಲೈನಲ್ಲಿ ಕಾರ್ಯಕ್ರಮವನ್ನು ಕೊನೆಗೊಳಿಸಿತು. ಇಡೀ ರಾಜ್ಯಕ್ಕೆ ಒಂದೇ ಪಠ್ಯ ಇರಲಿ ಎನ್ನುವುದು ಒಂದು ವಾದ. ಇಲ್ಲಿ ಕಲಿತ ಮಕ್ಕಳು ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎನ್ನುವುದು ಇನ್ನೊಂದು. ವಿಜ್ಞಾನಿಗಳು, ಶಿಕ್ಷಣ ತಜ್ಞರು ನಿಲ್ಲಿಸಬೇಡಿ ಎಂದು ಕೇಳಿಕೊಂಡರು. ಏನೂ ಬದಲಾಗಲಿಲ್ಲ.

ಎರಡನೇ ವಾದವನ್ನು ಸುಮ್ನೆ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಮಗು ಎಂಟನೇ ಕ್ಲಾಸಿನವರೆಗೆ ಪ್ರಶ್ನೆ ಕೇಳಿ ಕಲಿಯಿತು. ಒಂಬತ್ತಕ್ಕೆ ಹೋದರೆ ಅಲ್ಲಿ ಮತ್ತೆ ವ್ಯಾಖ್ಯೆ, ಸೂತ್ರ, ಬಾಯಿಪಾಠ. ತನ್ನ ಮಗು ಅಲ್ಲಿ ತಡವರಿಸಿದರೆ ಅಪ್ಪನಿಗೆ ಭಯ ಆಗದೆ ಇರುತ್ತದೆಯೇ? ನನ್ನ ಕ್ಲಾಸಿನಲ್ಲಿ ಗಿಡ ಕೀಳುವ ಪಾಠ ನಡೆಯುತ್ತಿದ್ದಾಗ ಒಬ್ಬರು ತಂದೆ ಬೇಲಿಯ ಹೊರಗೆ ನಿಂತು ನೋಡುತ್ತಿದ್ದರು.

"ಮೇಷ್ಟ್ರೇ, ಇದು ಪರೀಕ್ಷೆಗೆ ಬರುತ್ತಾ?"

"ಇಷ್ಟೆಲ್ಲ ಬರಲ್ಲ ಅಣ್ಣಾ. ಒಂದು ಮಾರ್ಕಿಗೆ ಬರಬಹುದು."

"ಮತ್ತೆ ಮೂರು ದಿನ ಯಾಕೆ?"

ನನಗೆ ಆಗ ಸರಿಯಾಗಿ ಉತ್ತರ ಕೊಡಲು ಬರಲಿಲ್ಲ. ಅವರು ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದವರು. ನಾನು ತಿಂಗಳ ಸಂಬಳ ತೆಗೆದುಕೊಳ್ಳುವವನು. "ಓದು ಕೆಲಸಕ್ಕಾಗಿ ಮಾತ್ರ ಅಲ್ಲ" ಎನ್ನುವ ಮಾತು ಕೆಲಸ ಸಿಕ್ಕವನ ಬಾಯಿಂದ ಬಂದರೆ, ಕೆಲಸ ಸಿಗದವನಿಗೆ ಅದು ಚುಚ್ಚುತ್ತದೆ. ಅವರಿಗೆ ಹಾಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಓದು ಬೇರೆ, ಹೊಟ್ಟೆಪಾಡು ಬೇರೆ ಎಂದು ಈಗಲೂ ನಾನು ಹೇಳುವುದಿಲ್ಲ.

ಆದರೆ ಒಂದು ಲೆಕ್ಕ ನೋಡಿ. ವ್ಯಾಖ್ಯೆ ಬಾಯಿಪಾಠ ಮಾಡಿಸುವುದು ಮಗುವಿಗೆ ಮುಂದಿನ ಬಸ್ಸಿನ ಟಿಕೆಟ್ ಕೊಟ್ಟ ಹಾಗೆ. ಏಳರ ಪಾಠ ಎಂಟಕ್ಕೆ, ಎಂಟರದು ಒಂಬತ್ತಕ್ಕೆ. ಕೊನೆಯ ನಿಲ್ದಾಣದವರೆಗೆ ಹೋದವರಿಗೆ ಅದರಿಂದ ಉಪಯೋಗ ಇದೆ. ನಡುವೆ ಇಳಿದ ಮಗುವಿನ ಕೈಯಲ್ಲಿ ಉಳಿಯುವುದು ಹಳೇ ಟಿಕೆಟ್. ಹೋಶಂಗಾಬಾದಿನ ಕಾರ್ಯಕ್ರಮ ಶುರುವಾದ ಕಾಲದಲ್ಲಿ ಹಳ್ಳಿಯ ಹೆಚ್ಚಿನ ಮಕ್ಕಳು ನಡುವೆ ಇಳಿಯುತ್ತಿದ್ದವರೇ. ಆ ಮಕ್ಕಳನ್ನೂ ಎಣಿಕೆಗೆ ತೆಗೆದುಕೊಂಡು ಮಾಡಿದ ವಿಜ್ಞಾನ ಪಾಠ ಅದು. ಎಲ್ಲಿ ಇಳಿದರೂ ಕೈಯಲ್ಲಿ ಏನಾದರೂ ಉಳಿಯಬೇಕು. ಅದನ್ನು ಅಳೆದದ್ದು ಕೊನೆಯ ನಿಲ್ದಾಣದಲ್ಲಿ, ಹತ್ತನೇ ತರಗತಿಯ ಅಂಕದಲ್ಲಿ. ಅಲ್ಲಿಗೆ ಬಂದು ತಲುಪದವರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಮಗು ತಡವರಿಸಿತು ಅಂದರೆ ಅದಕ್ಕೆ ಎರಡು ದಾರಿ ಇದ್ದವು. ಒಂಬತ್ತು, ಹತ್ತರ ಪಾಠವನ್ನೂ ಈ ಕಡೆಗೆ ಎಳೆಯಬಹುದಿತ್ತು. ಅಥವಾ ಆರು, ಏಳು, ಎಂಟನ್ನು ಹಳೇ ದಾರಿಗೆ ವಾಪಸ್ ತರಬಹುದಿತ್ತು. ಸರ್ಕಾರ ಎರಡನೆಯದನ್ನು ಆರಿಸಿಕೊಂಡಿತು. ಅದು ಸುಲಭದ ದಾರಿ. ಆ ಮೂವತ್ತು ವರ್ಷದಲ್ಲಿ ತಯಾರಾದ ಮೇಷ್ಟ್ರುಗಳ ಬಗ್ಗೆ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಅಂಥ ಮೇಷ್ಟ್ರುಗಳು ಒಂದು ಆದೇಶದಿಂದ ಹುಟ್ಟುವುದಿಲ್ಲ.

ಎಲ್ಲ ಶಾಲೆಯಲ್ಲೂ ಎಲ್ಲ ಚೆನ್ನಾಗಿ ನಡೆಯಿತು ಎಂದು ನಾನು ಹೇಳುತ್ತಿಲ್ಲ. 16 ಶಾಲೆಯಲ್ಲಿ ಇರುವ ಬಿಸಿ 1000 ಶಾಲೆಯಲ್ಲಿ ಇರುವುದು ಕಷ್ಟ. ಪ್ರಯೋಗದ ಪಾಠಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು. ಬೇಡದ ಮೇಷ್ಟ್ರಿಗೆ ಅದು ಹೊರೆ. ಇನ್ನೊಂದು ಕೊರತೆಯೂ ನನ್ನ ಕಣ್ಣಿಗೆ ಕಾಣುತ್ತದೆ. ಎಲೆಯ ಬಗ್ಗೆ ಪ್ರಶ್ನೆ ಕೇಳಲು ಕಲಿತ ಮಗು ತನ್ನ ಊರಿನ ಬಗ್ಗೆಯೂ ಪ್ರಶ್ನೆ ಕೇಳುತ್ತದೆ ಎಂದು ನಂಬಲು ಆಗುವುದಿಲ್ಲ. ನನ್ನ ಕ್ಲಾಸಿನಲ್ಲಿ ಕೆಸುವಿಗೆ ಮೂರನೇ ಸಾಲು ಎಳೆದ ಮಕ್ಕಳೇ ಮಧ್ಯಾಹ್ನ ಬಿಸಿಯೂಟಕ್ಕೆ ಜಾತಿ ನೋಡಿ ಕುಳಿತದ್ದನ್ನು ಕಂಡಿದ್ದೇನೆ. ಅದಕ್ಕೆ ಬೇರೆಯೇ ಪಾಠ ಬೇಕಿತ್ತು, ಅದನ್ನು ನಾನು ಮಾಡಲಿಲ್ಲ.

ಉಳಿದದ್ದು

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎಂದು ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿಸಿದರು. ಆ ಮಾತನ್ನು ಹೇಳುವವರು ಬಹಳ. ಅದನ್ನು ಆರನೇ ಕ್ಲಾಸಿನ ಮಗುವಿನ ಕೈಗೆ ಹೇಗೆ ಕೊಡುವುದು ಎಂದು ಮಾಡಿ ತೋರಿಸಿದವರು ಬಹಳ ಕಡಿಮೆ.

ಕಾರ್ಯಕ್ರಮ ನಿಂತ ಮೂರು ವರ್ಷಕ್ಕೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. ಅದರ ಸಮಿತಿಗೆ ವಿಜ್ಞಾನಿ ಯಶ್‌ಪಾಲ್ ಅಧ್ಯಕ್ಷರು. ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಬೆಸೆಯಬೇಕು, ಬಾಯಿಪಾಠ ಬಿಡಿಸಬೇಕು ಎಂದು ಆ ಚೌಕಟ್ಟು ಹೇಳಿತು. ಕರ್ನಾಟಕದ ಪಠ್ಯಪುಸ್ತಕಗಳೂ ಆಮೇಲೆ ಅದನ್ನು ಆಧರಿಸಿಯೇ ಬದಲಾದವು. ನಮ್ಮ ಪುಸ್ತಕಗಳಲ್ಲಿ "ಚಟುವಟಿಕೆ" ಎಂಬ ಚೌಕಗಳು ಬಂದದ್ದು ಹೀಗೆ. ಚೌಕದ ಕೆಳಗೇ ಉತ್ತರವನ್ನೂ ಅಚ್ಚು ಹಾಕಿರುವುದನ್ನು ನೋಡಿದಾಗ ಬೇಜಾರಾಗುತ್ತದೆ. ಆದರೂ ಚೌಕ ಇದೆ. ಮಾಡುವ ಮೇಷ್ಟ್ರಿಗೆ ಅಷ್ಟು ಜಾಗ ಸಾಕು. ಏಕಲವ್ಯ ಸಂಸ್ಥೆ ಇವತ್ತಿಗೂ ಮಕ್ಕಳ ಪುಸ್ತಕ, ಪತ್ರಿಕೆಗಳನ್ನು ಹೊರತರುತ್ತಿದೆ.

ಕೆಸುವಿನ ಗಿಡ ತಂದ ಹುಡುಗಿ ಹತ್ತನೇ ತರಗತಿ ದಾಟಲಿಲ್ಲ. ಮದುವೆಯಾಗಿ ಪಕ್ಕದ ಊರಿನಲ್ಲಿದ್ದಾಳೆ. ಒಂದು ವರ್ಷ ಮುಂಗಾರಿಗೆ ಮುಂಚೆ ಬಸ್ ಸ್ಟಾಂಡಿನಲ್ಲಿ ಸಿಕ್ಕಳು. ಕೈಯಲ್ಲಿ ಕಡಲೆಕಾಯಿ ಬೀಜದ ಚೀಲ. ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದಳು. ಬಿತ್ತುವ ಮುಂಚೆ ನೂರು ಬೀಜ ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದಳಂತೆ. ಮೊಳಕೆ ಬಂದದ್ದು 58. "ಬೀಜ ಚೆನ್ನಾಗಿದೆ ಅಂತ ಅವನು ಹೇಳಿದ ಸಾರ್. ನಾನು ಎಣಿಸಿ ನೋಡ್ದೆ" ಎಂದಳು. ಬೇಲಿಯ ಹೊರಗೆ ನಿಂತಿದ್ದ ಆ ತಂದೆ ಅವತ್ತು ಅಲ್ಲಿ ಇರಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು.

ಎಲೆ, ಬೇರಿನ ಪಾಠ ಮಾಡಬೇಕೆಂದಿರುವ ಮೇಷ್ಟ್ರುಗಳಿಗೆ, ಅಮ್ಮಂದಿರಿಗೆ, ಅಪ್ಪಂದಿರಿಗೆ ಒಂದು ಮಾತು. ಪುಸ್ತಕದಲ್ಲಿ ಅದು ಯಾವ ತಿಂಗಳಿಗೆ ಬಂದಿದ್ದರೂ ಸರಿ, ಜುಲೈಯಲ್ಲಿ ಮಾಡಿ. ಮಳೆಗೆ ನೆಲ ಮೆತ್ತಗಾಗಿರುತ್ತದೆ. ಬುಡ ಹಿಡಿದು ಮೆಲ್ಲಗೆ ಎಳೆದರೆ ಬೇರು ತುಂಡಾಗದೆ ಪೂರ್ತಿ ಬರುತ್ತದೆ. ಒಂದು ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ತೊಳೆಯಿರಿ. ಪಟ್ಟಿ ಬರೆಯಲು ಹಾಳೆ ಕೊಡುವಾಗ ಎರಡೇ ಸಾಲು ಎಳೆದು ಕೊಡಬೇಡಿ, ಖಾಲಿ ಹಾಳೆ ಕೊಡಿ.